ಕಿರುಬೆರಳಲ್ಲಿ ಹಿಡಿದ ಕಚೇರಿ

ಒಂದು ಸಲ ನಾನು ಇಡೀ ಸರ್ಕಾರಿ ಕಚೇರಿಯನ್ನು, ಅದರ ಸಾಹೇಬರು, ಗುಮಾಸ್ತ, ಬೀರು, ಫ್ಯಾನು, ಗೋಡೆಯ ಕ್ಯಾಲೆಂಡರು ಸಮೇತ, ಹಾರಿಹೋಗದ ಹಾಗೆ ಎಡಗೈಯ ಕಿರುಬೆರಳೊಂದರಲ್ಲಿ ಹಿಡಿದು ನಿಲ್ಲಿಸಿದ್ದೆ. ಬಲಗೈ ಸುಮ್ಮನೆ ಇತ್ತಲ್ಲ ಎಂದು ಅದರಲ್ಲಿ ಒಂದು ಲೋಟ ಕಾಫಿ ಕುಡಿದೆ. ಸಕ್ಕರೆ ಸ್ವಲ್ಪ ಕಡಿಮೆಯಾಗಿತ್ತು. ನಂಬುವುದಿಲ್ಲವೆ? ಬೆರಳು ನೋಡಿ. ಇವತ್ತಿಗೂ ಸೊಟ್ಟಗಿದೆ. ಕಚೇರಿಯ ಭಾರಕ್ಕೆ ಆದದ್ದು.

ನೀವು ಹಗ್ಗ ಕೊಳ್ಳಲು ಬಂದವರು. ಹೊಸೆದು ಮುಗಿಯುವ ತನಕ ಹೇಗೂ ಈ ಹಲಗೆಯ ಮೇಲೆ ಕೂತಿರಬೇಕು, ಕೇಳಿ. ನಾನು ಹಗ್ಗದ ಸಿಂಗಾರಯ್ಯ. ನನ್ನ ಹಗ್ಗದಲ್ಲಿ ಆನೆ ಕಟ್ಟಿದರೆ ಆನೆ ಸತ್ತ ಮೇಲೂ ಹಗ್ಗ ಇರುತ್ತದೆ. ಇದೇ ಊರಿನವನು. ನಮ್ಮ ವಂಶ ಎಷ್ಟು ಹಳೆಯದೆಂದರೆ, ಊರು ಬಂದು ನೆಲೆಸುವಾಗ ಅದಕ್ಕೆ ಜಾಗ ತೋರಿಸಿದವನೇ ನಮ್ಮ ಮುತ್ತಜ್ಜ. ಎದುರಿನ ಬೆಟ್ಟಕ್ಕೆ, ಸ್ವಲ್ಪ ಆಚೆ ಸರಿದು ಕೂತ್ಕೊ, ಊರಿಗೆ ಬಿಸಿಲು ಬೀಳಲಿ, ಎಂದು ಹೇಳಿದವನೂ ಅವನೇ. ನನ್ನ ಜೋಡು ನೋಡುತ್ತಿದ್ದೀರಾ? ಅಟ್ಟೆಗೆ ಎತ್ತಿನ ಲಾಳ ಹೊಡೆಸಿದ್ದೇನೆ. ಬರೀ ಶೋಕಿಗೆ.

ನಮ್ಮೂರಿನಲ್ಲಿ ಎರಡು ಥರದ ಜನ, ಇದ್ದವರು ಮತ್ತು ಬಂದವರು. ಇದ್ದವರ ಹಿಮ್ಮಡಿ ತಾನಾಗಿ ನೆಲಕ್ಕೆ ತಾಗಿರುತ್ತದೆ. ಬಂದವರಿಗೆ ಪರವಾನಗಿ ಕಾಗದ ಮೈಮೇಲೆ ಇರಬೇಕು, ಇಲ್ಲದಿದ್ದರೆ ಏಳುತ್ತಾರೆ. ಮೊದಲು ಹಿಮ್ಮಡಿ, ಆಮೇಲೆ ಕಾಲ್ಬೆರಳು, ಆಮೇಲೆ ಇಡೀ ಮನುಷ್ಯ. ಸೂರಿನ ಕೆಳಗಿದ್ದರೆ ಸೂರಿಗೆ ಹೋಗಿ ಆತುಕೊಳ್ಳುತ್ತಾರೆ. ಬಯಲಲ್ಲಿದ್ದರೆ ಸಂಜೆಯ ಗಾಳಿ ಬಂದು ಕಣಿವೆಯ ಬಾಯಿಂದ ಆಚೆಗೆ ಒಯ್ಯುತ್ತದೆ. ಹಾಗೆ ಹೋದವರು ಯಾರೂ ತಿರುಗಿ ಬಂದದ್ದಿಲ್ಲ. ಇದಕ್ಕೆಲ್ಲ ಊರು ಒಗ್ಗಿಹೋಗಿದೆ. ಬಂದವರ ಮನೆಯಲ್ಲಿ ಬಚ್ಚಲ ಪಕ್ಕ ಒಂದು ದೋಟಿ ಇರುತ್ತದೆ, ಮಾವಿನಕಾಯಿ ಕೀಳುತ್ತೇವಲ್ಲ, ಅಂಥದ್ದೇ. ಕಾಗದವನ್ನು ಗೂಟದಲ್ಲಿ ಮರೆತು ಸ್ನಾನಕ್ಕೆ ಹೋದ ಗಂಡನನ್ನು ಹೆಂಡತಿ ಅದರಿಂದಲೇ ಇಳಿಸಿಕೊಳ್ಳುತ್ತಾಳೆ. ಕಾಗದ ಕಳೆದುಕೊಂಡವರು ಹೊಸದು ಬರುವ ತನಕ ರುಬ್ಬುವ ಗುಂಡು ತಬ್ಬಿಕೊಂಡು ಓಡಾಡುತ್ತಾರೆ. ಗುಂಡಿನ ಭಾರಕ್ಕೆ ಹಾರುವುದಿಲ್ಲ, ಆದರೆ ಹಿಮ್ಮಡಿಯೂ ತಾಗುವುದಿಲ್ಲ, ಮೊಣಕಾಲೆತ್ತರದಲ್ಲಿ ತೇಲುತ್ತಾರೆ. ಹಿಮ್ಮಡಿ ತಾಗಿಸುವುದು ಕಾಗದ ಒಂದೇ.

ಅಲ್ಲಿ ಎದುರಿಗೆ, ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುತ್ತಿದ್ದಾಳಲ್ಲ, ಅವಳು ಹೊನ್ನೂರಬಿ. ಬಂದವಳು. ಗಂಡ ಹೋದ ಮೇಲೆ ಅವನ ಇಸ್ತ್ರಿಪೆಟ್ಟಿಗೆಯನ್ನೇ ಹಿಡಿದು ನಿಂತವಳು. ಊರಿನ ಬಂದವರೆಲ್ಲ ತಮ್ಮ ಕಾಗದ ಬೆವರಿಗೆ ಮುದುರಿ ಹೋದಾಗ ಅವಳ ಹತ್ತಿರ ತರುತ್ತಾರೆ. ಮೇಲೊಂದು ಒದ್ದೆ ಬಟ್ಟೆ ಹಾಸಿ, ಮೊಹರಿನ ಶಾಯಿ ಹರಡದ ಹಾಗೆ ಹದವಾಗಿ ಒತ್ತಿ ಕೊಡುತ್ತಾಳೆ. ತನ್ನ ಕಾಗದವನ್ನು ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡು ಸೊಂಟಕ್ಕೆ ಸಿಕ್ಕಿಸಿರುತ್ತಾಳೆ. ಬಾಯಿ ಮಾತ್ರ ಅವಳ ಪೆಟ್ಟಿಗೆಯ ಕೆಂಡಕ್ಕಿಂತ ಒಂದು ಹಿಡಿ ಜಾಸ್ತಿ ಬಿಸಿ. ಈಗಲೂ ಕೇಳಿಸಿಕೊಳ್ಳುತ್ತಿದ್ದಾಳೆ. ಕೇಳಿಸಿಕೊಳ್ಳಲಿ. ನನಗೇನು ಹೆದರಿಕೆಯೇ?

ಹೀಗಿರುವಾಗ ರಾಜಧಾನಿಯಿಂದ ವಜ್ರಕುಮಾರ ಸಾಹೇಬರು ಬಂದರು. ಎಳೆ ವಯಸ್ಸು, ಒಳ್ಳೆಯ ಮಾತು, ಗರಿಗರಿ ಅಂಗಿ. ಕೂದಲನ್ನು ಎಷ್ಟು ಚೆನ್ನಾಗಿ ಬಾಚಿಕೊಳ್ಳುತ್ತಿದ್ದರೆಂದರೆ, ನೆತ್ತಿಯ ಮೇಲೆ ಒಂದು ರೂಪಾಯಿ ಅಗಲದ ಬೋಳು ಇರುವುದು ಅವರ ಹೆಂಡತಿಗೂ ಗೊತ್ತಿರಲಾರದು. ಬಂದ ಒಂದು ತಿಂಗಳಿಗೆ ಕಚೇರಿಯ ಅಂಗಳದಲ್ಲಿ ಜನ ಸೇರಿಸಿ ಹೇಳಿದರು, ಕಾಗದದ ಕಾಲ ಮುಗಿಯಿತು, ಇನ್ನು ಮೇಲೆ ಬಂದವರ ಪರವಾನಗಿ ಫೋನಿನಲ್ಲಿ ಇರುತ್ತದೆ, ಹರಿಯುವುದಿಲ್ಲ, ನೆನೆಯುವುದಿಲ್ಲ, ಇಲಿ ತಿನ್ನುವುದಿಲ್ಲ.

ಹೊನ್ನೂರಬಿ ಹಿಂದಿನ ಸಾಲಿನಿಂದ ಕೇಳಿದಳು. "ಫೋನು ಕಳೆದ್ರೆ ಸಾಹೇಬ್ರೇ?"

"ಕಳೆದರೂ ಪರವಾನಗಿ ಹೋಗಲ್ಲಮ್ಮ. ಅದು ಫೋನಿನ ಒಳಗೆ ಮಾತ್ರ ಇರಲ್ಲ. ಎಲ್ಲ ಕಡೆ ಇರುತ್ತೆ."

"ಎಲ್ಲ ಕಡೆ ಇರೋನು ದೇವರು. ಅವನು ಬೇಕಾದಾಗ ಕೈಗೆ ಸಿಕ್ಕಿದ್ದು ಯಾರಿಗೆ?"

ಜನ ನಕ್ಕರು. ಸಾಹೇಬರೂ ನಕ್ಕರು. ಪಾಪ, ಕೆಟ್ಟವರಲ್ಲ. ಸುತ್ತೋಲೆ ಓದಿದರು. ಮೊದಲನೇ ಕಿಟಕಿಯಲ್ಲಿ ಹಳೆಯ ಕಾಗದವನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಬೇಕು. ಎರಡನೇ ಕಿಟಕಿಯಲ್ಲಿ ಬರಿಗಾಲಲ್ಲಿ, ಹಿಮ್ಮಡಿ ನೆಲಕ್ಕೆ ತಾಗಿಸಿ, ನೆಟ್ಟಗೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಮೂರನೇ ಕಿಟಕಿಯಲ್ಲಿ ಫೋನು ಟಿಣ್ ಎನ್ನುತ್ತದೆ, ಮನೆಗೆ ಹೋಗಬಹುದು. ಕೇಳಲು ಎಷ್ಟು ಸಲೀಸು ನೋಡಿ. ಸುತ್ತೋಲೆ ಬರೆದವರು ಇದ್ದವರು. ಮೊದಲನೇ ಕಿಟಕಿಗೂ ಎರಡನೇ ಕಿಟಕಿಗೂ ನಡುವೆ ನೆಲ ಇದ್ದೇ ಇರುತ್ತದೆ ಎಂದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಬ್ಬ ಬೆಪ್ಪ ಹೋಗಿ ನಿಂತ. ಅವನ ಹೆಸರು ಬೇಡ, ಊರಿನಲ್ಲಿ ಮರ್ಯಾದೆಯಿಂದ ಬಾಳುತ್ತಿರುವವನು. ಹಿಂದಿನ ಸಂಜೆಯೆಲ್ಲ ಬೇವಿನ ಮರದ ಕಟ್ಟೆಯಲ್ಲಿ, ನಿಮಗೇನು ತಿಳಿಯುತ್ತೆ ಹೊಸ ಕಾಲ, ನಾನು ಮೊದಲು ಮಾಡಿಸಿ ತೋರಿಸ್ತೀನಿ ನೋಡ್ತಾ ಇರಿ, ಎಂದು ಕೊಚ್ಚಿಕೊಂಡಿದ್ದ. ಬಾಗಿಲಲ್ಲಿ ಜೋಡು ಬಿಟ್ಟ. ಎದೆಯುಬ್ಬಿಸಿ ಕಾಗದವನ್ನು ಪೆಟ್ಟಿಗೆಗೆ ಹಾಕಿದ. ಎರಡನೇ ಕಿಟಕಿಯ ಕಡೆಗೆ ಎರಡು ಹೆಜ್ಜೆ ಇಟ್ಟ. ಮೂರನೆಯದನ್ನು ಗಾಳಿಯಲ್ಲಿ ಇಟ್ಟ.

ನಮ್ಮ ಕಚೇರಿ ಹಿಂದೆ ಖಜಾನೆಯಾಗಿದ್ದ ಕಟ್ಟಡ. ಸೂರು ತುಂಬಾ ಎತ್ತರ, ದೋಟಿ ಮೇಲೆ ದೋಟಿ ಕಟ್ಟಿದರೂ ಎಟುಕದು. ಬೆಪ್ಪ ಫ್ಯಾನಿನ ಪಕ್ಕದಿಂದ ಏರಿ ಹೋದ. ಆ ಫ್ಯಾನಿನ ರೆಕ್ಕೆಗಳ ಮೇಲೆ ಬೆರಳು ಮುಳುಗುವಷ್ಟು ಧೂಳು. ಬೀರುವಿನ ನೆತ್ತಿಯ ಮೇಲೆ ಒಣಗಿದ ಹಲ್ಲಿಯೊಂದು ಕಾಲು ಮೇಲೆ ಮಾಡಿ ಮಲಗಿತ್ತು. ಬೆಪ್ಪ ಹೋಗಿ ಹೆಂಚಿಗೆ ಬೆನ್ನು ತಾಗಿಸಿ ನಿಂತ. ಅವನು ನಿಂತ ಕಡೆಯಿಂದ ಮಾರು ದೂರದಲ್ಲಿ ನಾಲ್ಕಾರು ಹೆಂಚು ಒಡೆದು, ಒಬ್ಬ ಮನುಷ್ಯ ಆರಾಮಾಗಿ ದಾಟುವಷ್ಟು ಕಿಂಡಿ.

ಸಾಹೇಬರು ಮೇಲೆ ನೋಡಿ ಮೃದುವಾಗಿ ಹೇಳಿದರು. "ಇಳಿದು ಬನ್ನಿ, ಫೋಟೊ ತೆಗೆಯಬೇಕು."

"ಇಳಿಯೋದಕ್ಕೆ ಪರವಾನಗಿ ಬೇಕಲ್ಲ ಸ್ವಾಮಿ."

"ಪರವಾನಗಿಗೆ ಫೋಟೊ ಬೇಕಲ್ಲ."

"ಹಾಗಾದ್ರೆ ಇಲ್ಲೇ ತೆಗೀರಿ."

ಸಾಹೇಬರು ಪ್ರಯತ್ನಪಟ್ಟರು. ಪಾದ ಮಾತ್ರ ಬಂತು. ಯಂತ್ರ, ಮುಖ ಸ್ಪಷ್ಟವಿಲ್ಲ, ಎಂದಿತು. ಪೆಟ್ಟಿಗೆ ತೆಗೆದು ಕಾಗದ ವಾಪಸ್ ಕೊಡೋಣವೆಂದರೆ ಬೀಗದ ಕೈ ರಾಜಧಾನಿಯಲ್ಲಿ. ಫೋನು ಮಾಡಿದರು. ಅರ್ಜಿ ಕಳುಹಿಸಿ, ನೋಡೋಣ, ಎಂದರಂತೆ. ಗುಮಾಸ್ತ ಈರಣಯ್ಯ ಅರ್ಜಿ ಬರೆಯಲು ಕೂತ. ಅವನು ಇದ್ದವನು, ಹುಟ್ಟಿದಾಗಿನಿಂದ ಯಾವುದಕ್ಕೂ ಅವಸರಪಟ್ಟವನಲ್ಲ. ಮಧ್ಯಾಹ್ನ ದಾಟಿತು. ಕಿಂಡಿಯ ಕಡೆ ಸಣ್ಣಗೆ ಸೆಳೆತ ಶುರುವಾಯಿತು. ಸಂಜೆಯ ಗಾಳಿ ಬರುವ ಮುಂಚೆ ಕಣಿವೆ ಒಮ್ಮೆ ಉಸಿರು ಎಳೆದುಕೊಳ್ಳುತ್ತದೆ, ಅದು. ಬೆಪ್ಪ ಗೇಣು ಗೇಣಾಗಿ ಕಿಂಡಿಯ ಕಡೆಗೆ ಸರಿಯುತ್ತಿದ್ದ. ಹೊರಗೆ ಸಾಲಿನಲ್ಲಿದ್ದವರು ಕಾಗದವನ್ನು ಎದೆಗೆ ಒತ್ತಿ ಹಿಡಿದುಕೊಂಡು ಒಳಗೆ ಇಣುಕುತ್ತಿದ್ದರು. ಒಬ್ಬರಿಗೂ ಒಳಗೆ ಬರುವ ಧೈರ್ಯವಿಲ್ಲ, ಮನೆಗೆ ಹೋಗುವ ಧೈರ್ಯವೂ ಇಲ್ಲ. ಅವತ್ತು ಸಂಜೆಗೆ ಕಾಗದಗಳೆಲ್ಲ ರದ್ದು ಎಂದು ಸುತ್ತೋಲೆಯ ಕೊನೆಯಲ್ಲಿ ಬೇರೆ ಬರೆದಿತ್ತು.

ಅಷ್ಟು ಹೊತ್ತಿಗೆ ಹೊನ್ನೂರಬಿ ಬಂದಳು. ಒಂದು ಕಂಕುಳಲ್ಲಿ ಸಾಹೇಬರ ಬಟ್ಟೆಯ ಗಂಟು, ಮಂಚದ ಹಾಸಿಗೆ ಬಟ್ಟೆ, ಪಂಚೆ, ಕಿಟಕಿ ಪರದೆ ಎಲ್ಲ ಅದರಲ್ಲಿ. ಇನ್ನೊಂದು ಕೈಯಲ್ಲಿ ಕೆಂಡ ಆರದ ಇಸ್ತ್ರಿಪೆಟ್ಟಿಗೆ, ಮಡಿಕೆ ಕೆಟ್ಟಿದ್ದರೆ ಅಲ್ಲೇ ಒತ್ತಿಕೊಡಲು ತರುತ್ತಿದ್ದಳು. ಸಾಲು ದಾಟಿ ನೇರ ಒಳಗೆ ಹೋದಳು. ಮೇಲೆ ನೋಡಿದಳು. ಮೇಲಿಂದ ನೋಡಿದರೆ ಅವಳ ಬೈತಲೆಯಲ್ಲಿ ಒಂದು ಗೆರೆ ನರೆ ಇದೆ, ಉಳಿದದ್ದೆಲ್ಲ ಕಪ್ಪು.

"ಅಣ್ಣಾ, ಬೆಳಿಗ್ಗೆಯಿಂದ ಅಲ್ಲೇ ಇದೀರಾ?"

ಬೆಪ್ಪ ತಲೆಯಾಡಿಸಿದ.

"ಏನಾದ್ರೂ ತಿಂದ್ರಾ?"

ಬೆಪ್ಪನ ಕಣ್ಣು ಒದ್ದೆಯಾಯಿತು. ಬೆಳಿಗ್ಗೆಯಿಂದ ಯಾರೂ ಅದನ್ನು ಕೇಳಿರಲಿಲ್ಲ.

ಸಾಹೇಬರು ಹೇಳಿದರು. "ಅಮ್ಮಾ, ಬಟ್ಟೆ ಅಲ್ಲಿಟ್ಟು ನಿಮ್ಮ ಕಾಗದ ಹಾಕಿಬಿಡಿ. ಸಂಜೆಯೊಳಗೆ ಎಲ್ಲರದ್ದೂ ಮುಗಿಸಬೇಕು."

"ಮುಗಿಸ್ತಾ ಇದೀರಲ್ಲ, ಕಾಣ್ತಾ ಇದೆ. ಮೊದಲು ಫೋಟೊ ತೆಗೀರಿ, ಫೋನು ಟಿಣ್ ಅನ್ನಲಿ. ಆಮೇಲೆ ಕಾಗದ ಬೇಕಾ ಬೇಡ್ವಾ ನೋಡೋಣ."

"ಹಾಗೆ ಬರಲ್ಲ. ಸುತ್ತೋಲೆಯಲ್ಲಿ ಮೊದಲು ಕಾಗದ."

"ಸುತ್ತೋಲೆ ಬರೆದೋರನ್ನ ಕರೀರಿ, ಇಲ್ಲಿ ಬಂದು ಬರಿಗಾಲಲ್ಲಿ ನಿಲ್ಲಲಿ. ನಾನು ಕೊಡಲ್ಲ."

"ಕೊಡದಿದ್ದರೆ ನಾಳೆಯಿಂದ ನಿಮ್ಮ ಕಾಗದಕ್ಕೆ ಬೆಲೆ ಇಲ್ಲ."

"ಬೆಲೆ ನೀವು ತೆಗೀಬಹುದು. ತೂಕ ಹೇಗೆ ತೆಗೀತೀರಿ?" ಎಂದು ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಕುಟ್ಟಿದಳು. ಹೊರಗಿನ ಸಾಲಿನಲ್ಲಿ ಯಾರೋ ತಾವೂ ಕುಟ್ಟಿದರು. ಆಮೇಲೆ ಇನ್ನೊಬ್ಬರು. ನೋಡುತ್ತಿದ್ದಂತೆ ಇಡೀ ಸಾಲು ನೆಲ ಕುಟ್ಟುತ್ತಿತ್ತು. ಆ ಸದ್ದಿಗೆ ಏಳು ಹಳ್ಳಿಯಾಚೆಯ ಕೆರೆಯಲ್ಲಿ ಮೀನುಗಳು ದಡಕ್ಕೆ ಬಂದು ಬಿದ್ದವು. ನಾನೇ ಎರಡು ಬುಟ್ಟಿ ತುಂಬಿಕೊಂಡು ಬಂದೆ. ಅದು ಬೇರೆ ಕಥೆ.

ಹೊನ್ನೂರಬಿ ಸಾಹೇಬರ ಹತ್ತಿರ ಬಂದಳು. "ಒಂದು ಕೇಳ್ತೀನಿ. ನೀವು ಈ ಊರಿನೋರಾ?"

"ನಾನು ಸರ್ಕಾರದವನು."

"ಇಲ್ಲಿಗೆ ಹಾಕಿದಾರಲ್ಲ, ಆ ಆರ್ಡರು ಫೋನಲ್ಲಿದೆಯಾ, ಕಾಗದದಲ್ಲಿದೆಯಾ?"

"ಕಾಗದ. ಜೇಬಲ್ಲೇ ಇದೆ."

"ಮತ್ತೆ ಕಾಗದದ ಕಾಲ ಮುಗೀತು ಅಂದ್ರಲ್ಲ. ನೀವು ಹಾಕಿ. ನೀವು ಹಾಕಿ ಆ ಕಿಟಕಿ ತನಕ ನಡೆದು ತೋರಿಸಿ. ನಿಮ್ಮ ಹಿಂದೆ ನಾನು, ನನ್ನ ಹಿಂದೆ ಈ ಸಾಲೆಲ್ಲ."

ಗುಮಾಸ್ತ ಈರಣಯ್ಯ ಎರಡು ಸಲ ಕೆಮ್ಮಿದ. ಸಾಹೇಬರು ಅದನ್ನು ಕೆಮ್ಮೆಂದೇ ತಿಳಿದರು. ತಾನೂ ಬಂದವನು ಎಂಬುದು ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ ನೋಡಿ. ಕುರ್ಚಿಯಲ್ಲಿ ಕೂತವರಿಗೆ ಹಿಮ್ಮಡಿಯ ಯೋಚನೆ ಬರುವುದು ಕಡಿಮೆ. ಜೇಬಿನಿಂದ ಆರ್ಡರು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಪೆಟ್ಟಿಗೆಗೆ ಹಾಕಿದರು. ನಡೆದರು. ಒಂದು ಹೆಜ್ಜೆ. ಅರ್ಧ ಹೆಜ್ಜೆ.

"ಈರಣಯ್ಯ, ಇದೇನ್ರೀ ಇದು?"

"ತಾವೂ ಬಂದೋರೇ ಅಲ್ವಾ ಸಾರ್," ಎಂದ ಈರಣಯ್ಯ ಅರ್ಜಿಯಿಂದ ತಲೆಯೆತ್ತದೆ. "ಹೋದ ತಿಂಗಳು ತಾನೆ ಬಂದದ್ದು."

ಸಾಹೇಬರು ಮೇಲೆ ಬಂದು ಬೆಪ್ಪನ ಪಕ್ಕಕ್ಕೆ ಆತುಕೊಂಡರು. ಇಬ್ಬರೂ ಕೂಡಿ ಕಿಂಡಿಯ ಕಡೆ ಸರಿಯತೊಡಗಿದರು. ಹೊರಗೆ ಬೇವಿನ ಎಲೆಗಳು ಒಮ್ಮೆಲೇ ಬೆಳ್ಳಗೆ ಮಗುಚಿದವು. ಗಾಳಿ ಬಂತು. ಬೆಪ್ಪನ ತಲೆ ಕಿಂಡಿಯಿಂದ ಆಚೆ ಹೋಯಿತು. ಆಕಾಶ ಕಂಡಿತು, ಕಣಿವೆಯ ಬಾಯಿ ಕಂಡಿತು, ಅದರಾಚೆಗೆ ಏನೂ ಕಾಣಲಿಲ್ಲ.

ಕೆಳಗೆ ಹೊನ್ನೂರಬಿ ಇಸ್ತ್ರಿಪೆಟ್ಟಿಗೆಯನ್ನು ತಲೆಯ ಮೇಲಕ್ಕೆ ಎತ್ತಿ ಬೀಗದ ಮೇಲೆ ಒಂದು ಬಿಟ್ಟಳು. ಕೆಂಡ ಕಚೇರಿ ತುಂಬ ಚೆಲ್ಲಿತು.

"ಅದು ಸರ್ಕಾರಿ ಆಸ್ತಿ," ಎಂದರು ಸಾಹೇಬರು ಸೂರಿನಿಂದ.

"ಹೌದು ಸಾಹೇಬ್ರೇ. ಇಳಿದು ಬಂದು ಕೇಸು ಹಾಕಿ." ಇನ್ನೊಂದು ಏಟು. ಬೀಗ ಬಿತ್ತು.

ಆಗ ಎದ್ದೆ ನೋಡಿ ನಾನು. ಅಲ್ಲಿಯವರೆಗೂ ಮೂಲೆಯಲ್ಲಿ ಕೂತು ತಾಳ್ಮೆಯಿಂದ ನೋಡುತ್ತಿದ್ದೆ. ಹೆಗಲ ಮೇಲಿನ ಹಗ್ಗ ತೆಗೆದು ಒಂದೇ ಬೀಸಿಗೆ ಮೇಲಕ್ಕೆ ಎಸೆದೆ. ಅದು ಸಾಹೇಬರ ಸೊಂಟ ಸುತ್ತಿ, ಬೆಪ್ಪನ ಕಾಲು ಸುತ್ತಿ, ಬೀರು ಸುತ್ತಿ, ತಾನೇ ಗಂಟು ಹಾಕಿಕೊಂಡು ವಾಪಸ್ ನನ್ನ ಕೈಗೆ ಬಂತು. ಗಾಳಿ ಎಷ್ಟು ಜೋರಾಯಿತೆಂದರೆ ಕಟ್ಟಡದ ಪಾಯವೇ ಕಿತ್ತು ಮೇಲೆದ್ದಿತು. ಎಡಗೈ ಕಿರುಬೆರಳಿಗೆ ಹಗ್ಗದ ತುದಿ ಸುತ್ತಿಕೊಂಡು ನಿಂತೆ. ಕಾಫಿ ವಿಷಯ ಆಗಲೇ ಹೇಳಿದ್ದೇನೆ. ಗಾಳಿಗೆ ಸುಸ್ತಾಗಿ ಕೊನೆಗೆ ಅದೇ ಹೊರಟುಹೋಯಿತು. ಇಬ್ಬರನ್ನೂ ಇಳಿಸಿ, ಅವರವರ ಕಾಗದವನ್ನು ಅವರವರ ಕೈಗೆ ಕೊಟ್ಟೆ.

ಸಾಹೇಬರು ಹಿಮ್ಮಡಿ ನೆಲಕ್ಕೆ ತಾಗಿದ ಮೇಲೆ ಬಹಳ ಹೊತ್ತು ಅದನ್ನೇ ನೋಡಿಕೊಂಡು ಕೂತಿದ್ದರು. ಆಮೇಲೆ ಸುತ್ತೋಲೆಯನ್ನು ತಿರುವಿ ಹಾಕಿದರು, ಮೊದಲು ಫೋಟೊ, ಆಮೇಲೆ ಟಿಣ್, ಕೊನೆಗೆ ಕಾಗದ. ಫೋನಿನ ಪರವಾನಗಿ ಕೆಲಸ ಮಾಡುವುದಿಲ್ಲ ಎಂದೇನಲ್ಲ, ಮಾಡುತ್ತದೆ, ಚಾರ್ಜು ಇರುವ ತನಕ. ಕಾಫಿ ಹೋಟೆಲಿನ ಹೊರಗೆ ಈಗಲೂ ಯಾರಾದರೊಬ್ಬರು ಕಾಗದ ಮನೆಯಲ್ಲಿ ಮರೆತು, ರುಬ್ಬುವ ಗುಂಡು ತಬ್ಬಿಕೊಂಡು ಮೊಣಕಾಲೆತ್ತರದಲ್ಲಿ ತೇಲುತ್ತಾ, ಅಣ್ಣ, ಸ್ವಲ್ಪ ಪ್ಲಗ್ಗು ಬಿಡಿ, ಎನ್ನುತ್ತಿರುತ್ತಾರೆ. ಹೊನ್ನೂರಬಿ ಅಂದೇ ಸಾಲಿಗೆ ಹೇಳಿಬಿಟ್ಟಳು, ಫೋನೂ ಇಟ್ಕೊಳಿ, ಕಾಗದಾನೂ ಇಟ್ಕೊಳಿ, ಒಂದು ಕಾಲಿಗೆ ಒಂದು. ಮತ್ತೆ ಪೆಟ್ಟಿಗೆಗೆ ಏನು ಹಾಕುವುದು? ಊರಿನ ಹಳೆಯ ಮದುವೆ ಕಾಗದಗಳನ್ನೆಲ್ಲ ತರಿಸಿ, ಒದ್ದೆ ಬಟ್ಟೆ ಹಾಸಿ, ಪರವಾನಗಿಯ ಅಳತೆಗೆ ಮಡಿಸಿ ಒತ್ತಿ ಕೊಟ್ಟಳು. ಎಲ್ಲರೂ ಅದನ್ನೇ ಹಾಕಿದರು. ಸಾಹೇಬರು ಕಿಟಕಿಯ ಆಚೆ ನೋಡುತ್ತಿದ್ದರು. ಅವರ ಅಂಗಿಯ ಗರಿ ಆ ವಾರ ಎಂದಿಗಿಂತ ಚೆನ್ನಾಗಿತ್ತು. ಪೆಟ್ಟಿಗೆ ತುಂಬಿ ರಾಜಧಾನಿಗೆ ಹೋಯಿತು. ಸಕುಟುಂಬ ಸಪರಿವಾರ ಬಂದು ಆಶೀರ್ವದಿಸಿ ಎಂದು ಬೇಡಿಕೊಳ್ಳುವ ಒಂದು ಪೆಟ್ಟಿಗೆ ಕಾಗದ. ಅಲ್ಲಿಂದ ಇನ್ನೂ ಯಾರೂ ಬಂದಿಲ್ಲ.

ಇಗೋ, ನಿಮ್ಮ ಹಗ್ಗವೂ ಮುಗಿಯಿತು. ಅಯ್ಯೋ, ಇವಳು ಯಾಕೆ ಈ ಕಡೆ ಬರುತ್ತಿದ್ದಾಳೆ?

"ತಗೊಳಿ ಸಿಂಗಾರಣ್ಣ, ನಿಮ್ಮ ಅಂಗಿ," ಎಂದಳು ಹೊನ್ನೂರಬಿ. ಆಮೇಲೆ ಹಲಗೆಯ ಮೇಲೆ ಕೂತಿರುವ ನಿಮ್ಮ ಕಡೆ ತಿರುಗಿದಳು. "ಸ್ವಾಮಿ, ಇವರನ್ನ ಒಂದು ಮಾತು ಕೇಳಿ. ಮೂಲೇಲಿ ಕೂತಿದ್ರಂತೆ. ಬೀರು ನೆತ್ತಿ ಮೇಲೆ ಹಲ್ಲಿ ಸತ್ತು ಬಿದ್ದಿದ್ದು ಮೂಲೇಲಿ ಕೂತೋರಿಗೆ ಹೇಗೆ ಕಾಣ್ತು?"

ನಾನು ಹಗ್ಗದ ಜುಂಗು ಕೀಳುತ್ತಾ ಕೂತೆ.

"ಫ್ಯಾನ್ ಮೇಲಿನ ಧೂಳು? ಸಾಹೇಬರ ಬೋಳು? ನನ್ನ ಬೈತಲೆ?"

"ಯಾರೋ ಹೇಳಿದ್ರು ಕಣಮ್ಮ."

"ಯಾರೋ. ಎಡಗಾಲಿನ ಜೋಡು ಬಿಚ್ಚಿ ತೋರಿಸಿ, ಅಟ್ಟೆ ಒಳಗೆ ಏನು ಹೊಲಿಸಿಕೊಂಡಿದೀರಿ ಅಂತ. ಮೊನ್ನೆ ತಾನೇ ಒತ್ತಿ ಕೊಟ್ಟಿದೀನಿ."

ಸರಿ. ನೀವೂ ದುಡ್ಡು ಕೊಟ್ಟು ಹಗ್ಗ ಕೊಳ್ಳುವವರು, ಹೇಳಿಬಿಡುತ್ತೇನೆ. ನನಗೆ ಇಲ್ಲಿ ಮುತ್ತಜ್ಜ ಇಲ್ಲ. ಬೆಟ್ಟ ಮೊದಲಿನಿಂದ ಅಲ್ಲೇ ಇದೆ. ನಾನು ಕಣಿವೆಯ ಬಾಯಿಂದ ಒಳಗೆ ನಡೆದು ಬಂದವನು, ಹೆಗಲಿಗೆ ಒಂದು ಹೊರೆ ನಾರು, ಕೈಯಲ್ಲೊಂದು ಕಾಗದ. ಲಾಳ ಶೋಕಿಗಲ್ಲ. ಆ ಬೆಪ್ಪ ನಾನೇ. ಕಾಫಿ ಕುಡಿದಿಲ್ಲ, ಅವತ್ತು ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ.

"ಇಳಿಸಿದ್ದು?" ಎಂದಳು ಹೊನ್ನೂರಬಿ.

ಇಳಿಸಿದ್ದು ಅವಳು. ಸಾಹೇಬರ ಹಾಸಿಗೆ ಬಟ್ಟೆಗೆ ಪಂಚೆ ಗಂಟು ಹಾಕಿ, ಪಂಚೆಗೆ ಪರದೆ ಗಂಟು ಹಾಕಿ, ತುದಿಯಲ್ಲಿ ನಮ್ಮಿಬ್ಬರ ಕಾಗದವನ್ನೂ, ಭಾರಕ್ಕೆಂದು ತನ್ನ ಎಲೆಯಡಿಕೆ ಸಂಚಿಯನ್ನೂ ಸೇರಿಸಿ ಕಟ್ಟಿ ಎಸೆದಳು. ಆ ಸಂಚಿಯಲ್ಲಿ ಅವಳ ಕಾಗದವಿತ್ತು. ಎಸೆದ ಗಳಿಗೆಯಲ್ಲೇ ಅವಳ ಹಿಮ್ಮಡಿ ನೆಲ ಬಿಟ್ಟಿದ್ದನ್ನು ನಾನು ಮೇಲಿಂದ ನೋಡಿದೆ. ಹೊರಗಿನ ಸಾಲಿನವರು ಓಡಿ ಬಂದು ಅವಳ ಸೆರಗು ಹಿಡಿದರು, ಅವರ ಹಿಂದಿನವರು ಅವರನ್ನು ಹಿಡಿದರು. ಈರಣಯ್ಯನೂ ಅರ್ಜಿ ಬಿಟ್ಟು ಎದ್ದು ಬಂದು ಹಿಡಿದ. ಕಾಗದ ಕೈಗೆ ಸಿಕ್ಕಿದ್ದೇ ನಮಗೆ ತೂಕ ಬಂತು, ಆ ಬಟ್ಟೆ ಹಿಡಿದುಕೊಂಡೇ ಇಳಿದೆವು.

"ಹಗ್ಗ ಯಾಕೆ ಬಳಸಲಿಲ್ಲ ಅಂತ ಹೇಳಿ."

ಬಳಸಿದ್ದಳು. ಮೊದಲು ಬಟ್ಟೆಯ ಗಂಟಿಗೆ ಸುತ್ತಿದ್ದ ನನ್ನ ಅಂಗಡಿಯ ಹಗ್ಗವನ್ನೇ ಎಸೆದಿದ್ದಳು. ಎರಡು ಮೊಳಕ್ಕೇ ಕಿತ್ತುಹೋಯಿತು. ನಿಮ್ಮದು ಹಾಗಲ್ಲ, ಇದು ಬೇರೆ ನಾರು.

ಆದರೆ ಒಂದು ಮಾತು ಮಾತ್ರ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ, ಅವಳು ಇಲ್ಲೇ ನಿಂತಿದ್ದಾಳೆ, ಅವಳನ್ನೇ ಕೇಳಿ. ಅರ್ಧ ಮೈ ಕಿಂಡಿಯಿಂದ ಆಚೆ ಹೋಗಿತ್ತು. ಬಲಗೈಯಲ್ಲಿ ಸಾಹೇಬರ ಅಂಗಿಯ ಕಾಲರು ಹಿಡಿದಿದ್ದೆ. ಎಡಗೈಗೆ ಸಿಕ್ಕಿದ್ದು ಒಡೆದ ಹೆಂಚಿನ ಕೆಳಗಿನ ರೀಪಿನ ಒಂದು ಮೊಳೆ, ಅದಕ್ಕೆ ಸಿಕ್ಕಿಸಿಕೊಂಡಿದ್ದು ಈ ಕಿರುಬೆರಳು. ಅವಳ ಗಂಟು ಮೇಲೆ ಬಂದು ಮುಟ್ಟುವ ತನಕ ಆ ಕಚೇರಿಯನ್ನು ಇದೊಂದರಲ್ಲೇ ಹಿಡಿದಿದ್ದೆ. ಹಾರಿಹೋಗುತ್ತಿದ್ದದ್ದು ಕಚೇರಿಯಲ್ಲ, ಅಷ್ಟೇ.